ಒಂದೇ ಸಲ ಅಳೆದ ಹೆಬ್ಬಾವು

ಇದು ಆಗೂ ಮಾತಲ್ಲ ಅಂತ ಮೊದಲು ಅಂದವನು ನಮ್ಮ ದೊಡ್ಡಪ್ಪ. ನಾನು ಎಂ.ಎಸ್ಸಿ. ಮಾಡುತ್ತೇನೆ ಅಂದ ದಿನ, ಬಬಲೇಶ್ವರದ ಹೊರಗಿನ ನಮ್ಮ ಕುರಿಹಟ್ಟಿಯ ಮುಂದೆ ಕೂತು ಕಂಬಳಿ ಝಾಡಿಸುತ್ತ ಅಂದ: “ಒಂದು ಡಿಗ್ರಿ ಆತಲ್ಲ, ಸಾಕು. ಇನ್ನ ಹಾವು ಹಲ್ಲಿ ಓದಿ ಏನ್ ಮಾಡ್ತಿ ಯವ್ವಾ? ನಮ್ಮಂಥವರಿಗೆ ಅದು ಮುಗಿಯಂಗಿಲ್ಲ.”

ಎರಡನೆಯವರು ನನ್ನ ಗೈಡ್. ಅವರು ಅಂದದ್ದು ಬೇರೆ ಕಾರಣಕ್ಕೆ, ಮತ್ತು ಅವರ ಕಾರಣ ಗಟ್ಟಿಯಾಗಿತ್ತು. “ಹೆಬ್ಬಾವಿನ ಮೈ, ಅದೇ ಹೆಬ್ಬಾವಿನ ಚರ್ಮ, ಎರಡೂ ಅಳೀದ ಇದನ್ನ ಬರಿಯಾಕ ಬರೂದಿಲ್ಲ. ಈ ಜಿಲ್ಲಾದಾಗ ನಿನಗ ಹೆಬ್ಬಾವು ಎಲ್ಲಿ ಸಿಗತೈತವಾ? ಆಗದ ಕೆಲಸ. ಬಿಟ್ಟಬಿಡು.”

ನಮ್ಮ ಮನೆತನದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು, ಕಾಲೇಜಿನದಂತೂ ಕೇಳುವುದೇ ಬೇಡ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ದೊಡ್ಡಪ್ಪ. ಆಗ ನಾನು ವಿಜಯಪುರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ದಿನಗೂಲಿ ಸಹಾಯಕಿ, ಅಲ್ಲೇ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಬೆಳಗ್ಗೆ ಬಾಟಲಿಗಳ ಧೂಳು ಒರೆಸಿ, ಇಳಿದಲ್ಲಿ ಫಾರ್ಮಾಲಿನ್ ತುಂಬುವುದು. ಮಧ್ಯಾಹ್ನ ಕ್ಲಾಸು. ಪ್ರಾಜೆಕ್ಟ್ ಒಪ್ಪಿಗೆಯಾಗದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಹಟ್ಟಿಗೆ ವಾಪಸು, ಅಲ್ಲಿಂದ ಯಾರದೋ ಮನೆಗೆ ಸೊಸೆಯಾಗಿ.

ನನ್ನ ಪ್ರಾಜೆಕ್ಟು ಜಗತ್ತಿನ ಅತಿ ದೊಡ್ಡ ಹಾವುಗಳ ಗಾತ್ರದ ಹೋಲಿಕೆ. ಬರೆದು ಒಪ್ಪಿಸುವುದರ ಜೊತೆಗೆ ಮ್ಯೂಸಿಯಂ ಮುಂದಿನ ಕಾರಿಡಾರಿನಲ್ಲಿ ಒಂದು ಪ್ರದರ್ಶನವನ್ನೂ ಮಾಡಬೇಕಿತ್ತು. ನಾನು ಒಂದೊಂದು ಹಾವಿಗೆ ಒಂದೊಂದು ಹಗ್ಗ ಹಾಸಿದೆ. ಉದ್ದದಲ್ಲಿ ಮೊದಲನೆಯದು ಆಗ್ನೇಯ ಏಷ್ಯಾದ ಜಾಲರಿ ಹೆಬ್ಬಾವು, ಅದಕ್ಕೆ ತೆಳ್ಳನೆಯ ಉದ್ದ ಹಗ್ಗ. ದಕ್ಷಿಣ ಅಮೆರಿಕದ ಅನಕೊಂಡ ಅಷ್ಟು ಉದ್ದ ಬರುವುದಿಲ್ಲ, ಆದರೆ ತೂಕದಲ್ಲಿ ಅದನ್ನು ಮೀರಿಸುವ ಹಾವಿಲ್ಲ. ಅದಕ್ಕೆ ಹಳೆ ಟ್ಯೂಬಿನಲ್ಲಿ ಹೊಟ್ಟು ತುಂಬಿ ಮಲಗಿಸಿದೆ. ವಿಷದ ಹಾವುಗಳಲ್ಲಿ ಉದ್ದನೆಯದಾದ ಕಾಳಿಂಗಕ್ಕೆ ಬಟ್ಟೆ ಒಣಹಾಕುವ ದಾರ ಸಾಕಾಯಿತು. ಇನ್ನು ನಮ್ಮ ದೇಶದ ಹೆಬ್ಬಾವು. ಅಲ್ಲಿಗೆ ಬಂದು ಕೆಲಸ ನಿಂತಿತು.

ಯಾಕೆಂದರೆ ಮ್ಯೂಸಿಯಂನ ಗೋಡೆಯ ಮೇಲೆ ಉದ್ದನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹೆಬ್ಬಾವಿನ ಚರ್ಮವಿತ್ತು. ಕೆಳಗೆ ಹಿತ್ತಾಳೆ ಫಲಕ: “ಭಾರತೀಯ ಹೆಬ್ಬಾವು, ಉದ್ದ ಇಪ್ಪತ್ತೊಂದು ಅಡಿ.” ನಮ್ಮ ಗೈಡಿನ ಗುರುಗಳು ಎಂದೋ ತಂದು ಕೊಟ್ಟದ್ದು. ಕಾಲೇಜಿಗೆ ಯಾರು ಬಂದರೂ ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಫಲಕದ ಪ್ರಕಾರ ಹಗ್ಗ ಹಾಸಿದರೆ ನಮ್ಮ ಹೆಬ್ಬಾವು ಅನಕೊಂಡವನ್ನು ದಾಟಿ ಹೋಗುತ್ತಿತ್ತು. ನಾನು ಓದಿದ ಯಾವ ಪುಸ್ತಕವೂ ನಮ್ಮ ಹೆಬ್ಬಾವಿಗೆ ಅಷ್ಟು ಉದ್ದ ಒಪ್ಪುತ್ತಿರಲಿಲ್ಲ.

ಧೂಳು ಒರೆಸುವವಳು ನಾನೇ ಆದ್ದರಿಂದ ಆ ಚರ್ಮವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಜೀವಂತ ಹಾವಿನ ಮೈಮೇಲೆ ಹುರುಪೆಗಳು ಹಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಈ ಚರ್ಮದಲ್ಲಿ ಅವು ಬಿಡಿಬಿಡಿಯಾಗಿ, ನಡುವೆ ಬರಿ ತೊಗಲು ಕಾಣುವಂತೆ ಇದ್ದವು. ಹುರುಪೆ ಹಿಗ್ಗುವುದಿಲ್ಲ, ನಡುವಿನ ತೊಗಲು ಹಿಗ್ಗುತ್ತದೆ. ಸುಲಿದು, ಎಳೆದು, ಹಲಗೆಗೆ ಮೊಳೆ ಹೊಡೆದು ಒಣಗಿಸಿದರೆ ಸಣ್ಣ ಹಾವೂ ದೊಡ್ಡದಾಗುತ್ತದೆ. ಜಗತ್ತಿನ ದೊಡ್ಡ ಹಾವುಗಳ ಬಗ್ಗೆ ಹಬ್ಬಿರುವ ಮೂವತ್ತು ಅಡಿ, ನಲವತ್ತು ಅಡಿಯ ಮಾತುಗಳಲ್ಲಿ ಎಷ್ಟೋ ಇಂಥ ಚರ್ಮಗಳಿಂದ ಹುಟ್ಟಿದವು.

ಇದನ್ನು ಗೈಡಿಗೆ ಹೇಳಿದಾಗಲೇ ಅವರು ಆಗದ ಕೆಲಸ ಅಂದದ್ದು. ಇಪ್ಪತ್ತೊಂದು ಅಡಿಯ ಹಗ್ಗ ಹಾಸಿದ್ದರೆ ಆವತ್ತೇ ಸಹಿ ಬೀಳುತ್ತಿತ್ತು. ನಾನು ಹಾಸಲಿಲ್ಲ. ಆ ಜಾಗ ಖಾಲಿ ಬಿಟ್ಟೆ.

ಅರಣ್ಯ ಇಲಾಖೆಗೆ ಅರ್ಜಿ ಹಾಕಿದೆ. ಹಾವು ಸತ್ತಿದ್ದರೂ ಮುಟ್ಟಲು ಅನುಮತಿ ಬೇಕು. ಅದು ಬರುವ ತನಕ ಓಡಾಟ, ಬಂದ ಮೇಲೂ ಓಡಾಟ. ಏತ ನೀರಾವರಿಯ ಕಾಲುವೆಗೆ ನೀರು ಬಂದು ಕೆರೆ ತುಂಬಿದ ಮೇಲೆ ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಹೆಬ್ಬಾವು ಕಂಡ ಸುದ್ದಿ ಬರುತ್ತಿತ್ತು. ಬಬಲೇಶ್ವರದ ಸಂತೆಗೆ ಬರುವವರಿಗೆಲ್ಲ ನನ್ನ ನಂಬರು ಕೊಟ್ಟೆ. ಒಂದು ಸಂತೆಯ ದಿನ ಕರೆ ಬಂತು, ಹೊಲದ ಬದುವಿನಲ್ಲಿ ಹೆಬ್ಬಾವು ಸತ್ತು ಬಿದ್ದಿದೆ ಅಂತ. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಬೂದಿ ಆಗಿತ್ತು. ಸತ್ತ ಹಾವನ್ನು ಹೊತ್ತು ಮುಳುಗುವುದರೊಳಗೆ ಸುಡಬೇಕು, ಬಾಯಿಗೆ ತುಪ್ಪ ಬಿಡಬೇಕು. ಅವರು ಅವರ ಪದ್ಧತಿ ಮಾಡಿ ಮುಗಿಸಿದ್ದರು.

“ಎಷ್ಟು ಉದ್ದ ಇತ್ರಿ?” ಅಂತ ಹೊಲದವನನ್ನು ಕೇಳಿದೆ.

“ಐದು ಮಾರು.” ಎರಡೂ ಕೈ ಚಾಚಿ ತೋರಿಸಿದ.

“ಅಳದ್ರೇನ್ರಿ?”

“ಯಾಂವ ಹತ್ರ ಹೋಗ್ತಾನ ಅಕ್ಕಾರ? ಅಲ್ಲೆ ಗಿಡದ ಹಂತ್ಯಾಕ ನಿಂತು ನೋಡಿದೆ.”

ಪಕ್ಕದಲ್ಲಿದ್ದವನು ನಕ್ಕ. “ಐದು ಮಾರು ಅಂತಾನ್ರಿ, ಇವನ ಮಾರು ಸುದ್ದಿ ಹೇಳೂ ಮುಂದ ಬ್ಯಾರೆ, ಹೊಲ ಅಳಿಯೂ ಮುಂದ ಬ್ಯಾರೆ.”

ಬೂದಿ ಕೆದರಿ ನೋಡಿದೆ. ಬೆನ್ನೆಲುಬಿನ ಮಣಿಗಳು ಪುಡಿಯಾಗಿದ್ದವು. ತಿಕೋಟಾ ರಸ್ತೆಯಲ್ಲಿ ಸಿಕ್ಕ ಇನ್ನೊಂದರ ಮೇಲೆ ಲಾರಿ ಹಾದುಹೋಗಿತ್ತು. ಅದರಿಂದಲೂ ಏನೂ ಗೊತ್ತಾಗಲಿಲ್ಲ. ಬರೆದು ಒಪ್ಪಿಸುವ ಗಡುವು ಹತ್ತಿರ ಬರುತ್ತಿತ್ತು. ಕಾರಿಡಾರಿನ ಖಾಲಿ ಜಾಗವನ್ನು ಗೈಡ್ ದಿನವೂ ನೋಡಿ ದಾಟಿ ಹೋಗುತ್ತಿದ್ದರು.

ಹೊನವಾಡದಿಂದ ಕರೆ ಬಂದದ್ದು ಆಗ. ದ್ರಾಕ್ಷಿ ತೋಟದ ಮಾಲೀಕ. ಹಕ್ಕಿ ಬರದಂತೆ ತೋಟದ ಸುತ್ತ ಕಟ್ಟಿದ ಬಲೆಯಲ್ಲಿ ಹೆಬ್ಬಾವು ಸಿಕ್ಕಿಕೊಂಡಿದೆ, ಇನ್ನೂ ಮಿಸುಕಾಡುತ್ತಿದೆ ಅಂದ. ಅರಣ್ಯ ಇಲಾಖೆಯ ಗಾರ್ಡಿಗೆ ಫೋನ್ ಮಾಡಿ, ಅವರ ಜೀಪಿನಲ್ಲೇ ಹೋದೆ.

ಹಾವು ತೋಟದ ಅಂಚಿನಲ್ಲಿ, ಬಲೆಯ ಕೆಳಗಿನ ಮಡಿಕೆಯಲ್ಲಿತ್ತು. ಒಳಗೆ ನುಗ್ಗಿ, ಹಿಂದೆ ಸರಿಯಲು ಹೋಗಿ, ತಿರುಗಿ ತಿರುಗಿ ತನ್ನ ಮೈಗೆ ತಾನೇ ಬಲೆ ಸುತ್ತಿಕೊಂಡಿತ್ತು. ನೈಲಾನ್ ಎಳೆ ಕುತ್ತಿಗೆಯ ಹಿಂದೆ ಒಂದು ಕಡೆ, ನಡುವಿನಲ್ಲಿ ಎರಡು ಕಡೆ ಮಾಂಸದೊಳಗೆ ಇಳಿದಿತ್ತು. ಗಾಯದ ಮೇಲೆ ಇರುವೆ. ಬಾಯಿ ಅರ್ಧ ತೆರೆದಿತ್ತು. ಮೈ ಉಸಿರಿಗೆ ಉಬ್ಬುವುದು, ಇಳಿಯುವುದು ಕಾಣುತ್ತಿತ್ತು, ಬಹಳ ನಿಧಾನಕ್ಕೆ.

ಗೈಡಿಗೆ ಫೋನ್ ಮಾಡಿದೆ.

“ಎಷ್ಟದಾವು ಗಾಯ?” ಕೇಳಿದರು. ಹೇಳಿದೆ. ಅವರು ಅಂದರು: “ನೋಡವಾ, ನೀ ಡಾಕ್ಟರ್ ಅಲ್ಲ. ನೀ ಹೇಳೂದು ಕೇಳಿದರ ಅದು ಉಳಿಯಂಗ ಕಾಣೂದಿಲ್ಲ. ಸಂಜೀ ತನಕ ತಡಿ. ಅದು ತಾನ ಹೋತಂದ್ರ, ಗಾಯ ಹರೀದ, ಮೈ ಕೆಡದ, ಪೂರಾ ಹಾವು ಸಿಗತೈತಿ ನಿನಗ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬಿಡಿಸಿ ಆಸ್ಪತ್ರೆಗೆ ಒಯ್ದು ಅದು ಬದುಕಿದರೆ ಕಾಡಿಗೆ ಹೋಗುತ್ತದೆ, ಚರ್ಮ ನನಗೆ ಸಿಗುವುದಿಲ್ಲ. ಚರ್ಮವಿಲ್ಲದೆ ಪ್ರಾಜೆಕ್ಟ್ ಇಲ್ಲ. ಗಾರ್ಡ್ ನನ್ನ ಮುಖ ನೋಡುತ್ತಿದ್ದ. ತೋಟದ ಮಾಲೀಕನೂ ನೋಡುತ್ತಿದ್ದ.

“ಏನ್ ಮಾಡೂದ್ರಿ ಮೇಡಂ?” ಗಾರ್ಡ್ ಕೇಳಿದ.

ಹಾವಿನ ಮೈ ಮತ್ತೊಮ್ಮೆ ಉಬ್ಬಿತು, ಇಳಿಯಿತು. ನಾನು ಮಾಲೀಕನ ಕಡೆ ತಿರುಗಿ ಅಂದೆ: “ಚಾಟ್ನಿ ಮಾಡೂ ಕತ್ರಿ ತರ್ರಿ. ಸಣ್ಣದಿರ್ಲಿ.”

ಚಾಟ್ನಿ ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವುದು. ಆ ಕತ್ರಿಯ ತುದಿ ಮೊನಚಾಗಿರುತ್ತದೆ. ಗಾರ್ಡ್ ತಲೆಯ ಹಿಂದೆ ಹಿಡಿದ. ಮಾಲೀಕ ಬಾಲದ ಕಡೆ ಕೂತ, ಬಾಯಲ್ಲಿ ದೇವರ ಹೆಸರು ಹೇಳುತ್ತ. ನಾನು ಒಂದೊಂದೇ ಎಳೆ ಕತ್ತರಿಸಿದೆ. ಹೊರಗಿನ ಎಳೆ ಸುಲಭ, ಒಳಗಿಳಿದದ್ದನ್ನು ಚಿಮಟದಿಂದ ಎತ್ತಿ ಕತ್ತರಿಸಬೇಕು. ನಡುವಿನ ಎಳೆ ಬಿಟ್ಟಾಗ ಹಾವು ನನ್ನ ಎಡಗೈಗೆ ಒಂದು ಸುತ್ತು ಹಾಕಿತು. ಅದರಲ್ಲಿ ಬಿಗಿ ಇರಲಿಲ್ಲ. ಅಷ್ಟು ದೊಡ್ಡ ಹಾವು ಕೈಗೆ ಸುತ್ತಿ ನೋವು ಆಗದಿದ್ದಾಗಲೇ ನನಗೆ ತಿಳಿಯಿತು, ಇದು ಉಳಿಯುವುದಿಲ್ಲ.

ಗೋಣಿಚೀಲದಲ್ಲಿ ಹಾಕಿ ವಿಜಯಪುರದ ಪಶು ವೈದ್ಯರ ಬಳಿ ತಂದೆವು. ವೈದ್ಯರು ಗಾಯ ತೊಳೆದರು, ಔಷಧ ಕೊಟ್ಟರು. “ಅಳತೆ ಬೇಕಂದ್ರ ಈಗ ತಗೋರಿ, ನಾವು ನೀಟ ಹಿಡೀತೀವಿ” ಅಂದರು ಅವರ ಸಹಾಯಕರು. ಜೀವಂತ ಹಾವನ್ನು ನೆಟ್ಟಗೆ ಎಳೆದು ಹಿಡಿದರೆ, ಗಾಯವಾದ ಬೆನ್ನಿಗೆ ಅದು ಕೊನೆಯ ಪೆಟ್ಟು. ಬೇಡ ಅಂದೆ. ಆಮೇಲೆ ಪ್ರತಿ ದಿನ ಮ್ಯೂಸಿಯಂ ಕೆಲಸ ಮುಗಿಸಿ ಹೋಗಿ ನೋಡಿ ಬರುತ್ತಿದ್ದೆ. ಗಾಯ ಒಳಗೊಳಗೇ ಕೀವಾಗುತ್ತ ಹೋಯಿತು. ಒಂದು ಬೆಳಗ್ಗೆ ವೈದ್ಯರೇ ಫೋನ್ ಮಾಡಿದರು. “ಹೋತು ನೋಡವಾ. ಈಗರೆ ಹೋತು. ಬರೂದಿದ್ರ ಬಾ, ಮೈ ಇನ್ನ ಮೆತ್ತಗೈತಿ.”

ಹೋದೆ. ಹಾವನ್ನು ಉದ್ದನೆಯ ಕಟ್ಟೆಯ ಮೇಲೆ ಮಲಗಿಸಿದ್ದರು. ಅಳೆಯಲು ಇನ್ನೊಬ್ಬರು ಬೇಕು, ತಲೆಯ ತುದಿಯಲ್ಲಿ ದಾರ ಹಿಡಿಯಲು. ಬದುಕಿದ್ದಾಗ ನೀಟ ಹಿಡಿಯುತ್ತೇವೆ ಅಂದಿದ್ದ ಸಹಾಯಕರು ಈಗ ಕೈ ಕಟ್ಟಿ ನಿಂತರು. “ಸತ್ತ ಹಾವಿನ ಅಳತಿ ಹಿಡೀಬಾರದ್ರಿ. ಮನ್ಯಾಗ ಸಣ್ಣ ಹುಡುಗರದಾವು.” ಗಾರ್ಡ್ ಬಾಗಿಲ ಹೊರಗೆ ಹೋಗಿ ನಿಂತ. ವೈದ್ಯರಿಗೆ ಎಮ್ಮೆಯೊಂದರ ಹೆರಿಗೆಗೆ ಕರೆ ಬಂದಿತ್ತು, ಮಧ್ಯಾಹ್ನ ಬಂದು ಶವ ಪರೀಕ್ಷೆ ಮಾಡುತ್ತೇನೆ ಅಂದು ಹೋದರು. ಹೊತ್ತಾದರೆ ಮೈ ಬಿಗಿಯುತ್ತದೆ, ಅಳತೆ ಕೆಡುತ್ತದೆ.

ನಮ್ಮ ಕಡೆ ಯಾರಾದರೂ ಸತ್ತರೆ ಕುಣಿ ತೋಡುವ ಮೊದಲು ಮೈ ಅಳೆಯುವವನು ನಮ್ಮ ದೊಡ್ಡಪ್ಪ. ಕುರಿ ಕಾಯುವ ಕೋಲನ್ನೇ ಮೈ ಪಕ್ಕದಲ್ಲಿಟ್ಟು, ಒಂದೇ ಸಲ ಅಳೆದು, ಕುಣಿ ತೋಡುವವರ ಕೈಗೆ ಕೋಲು ಕೊಡುತ್ತಾನೆ. ಅಪ್ಪನನ್ನು ಅಳೆದದ್ದೂ ಅವನೇ. ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ನನ್ನ ಓದು ಮುಗಿಯುವುದಿಲ್ಲ ಅಂದವನಿಗೆ ನಾನೇ ಫೋನ್ ಮಾಡಿದೆ.

“ದೊಡ್ಡಪ್ಪ, ಒಂದು ಜೀವ ಹೋಗೈತಿ. ಅಳೀಬೇಕು. ಯಾರೂ ಕೈ ಹಚ್ಚವಲ್ರು.”

“ಯಾರು?”

“ಹಾವು. ಹೆಬ್ಬಾವು.”

ಕುರಿ ನೋಡಿಕೋ ಅಂತ ಅವನು ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಅಂದ: “ವಿಜಯಪುರದ ಜೀಪು ಬಂದೈತಿ. ಹತ್ತತೇನಿ.”

ಬಂದವನೇ ಹಾವಿನ ಸುತ್ತ ಒಂದು ಸಲ ನಡೆದ. ಹೆಗಲ ಮೇಲಿನ ಟವೆಲನ್ನು ನೀರಲ್ಲಿ ಅದ್ದಿ ಹಾವಿನ ಮುಖ, ಕುತ್ತಿಗೆಯ ಗಾಯ ಒರೆಸಿದ. ಎಳೆ ಇಳಿದಿದ್ದ ಮೂರೂ ಜಾಗದಲ್ಲಿ ಬೆರಳಿಟ್ಟು ನೋಡಿದ. “ಬಲೆ ಹಾಕಿದಾಂವ ಏನ್ ಮಾಡ್ತಾನ, ಪಾಪ” ಅಂದ, ಯಾರಿಗೆ ಅಂತ ಗೊತ್ತಾಗಲಿಲ್ಲ.

ನಾನು ಟೇಪು ತೆಗೆದೆ. ನೋಂದಣಿ ಪುಸ್ತಕ ಬಿಚ್ಚಿದೆ. “ದೊಡ್ಡಪ್ಪ, ಮೂರು ಸಲ ಅಳೀಬೇಕು. ಮೂರರ ಸರಾಸರಿ ಬರಿಯೂದು.”

“ಒಂದ ಸಲ,” ಅಂದ.

“ಕಾಲೇಜಿನ ಪದ್ಧತಿ ಅದು. ಒಂದ ಸಲ ಅಳದ್ರ ತಪ್ಪು ಆಗಿದ್ರ ತಿಳಿಯೂದಿಲ್ಲ.”

“ನಂದೂ ಪದ್ಧತಿ ಐತಿ. ಸತ್ತದ್ದನ್ನ ಎರಡನೇ ಸಲ ಅಳದ್ರ ಕುಣಿ ಇನ್ನೊಂದು ಮೈ ಕೇಳತೈತಿ. ನಿಮ್ಮಪ್ಪನ್ನ ನಾ ಎಷ್ಟು ಸಲ ಅಳದೆ? ನೀ ನೋಡೀಯಲ್ಲ. ಮೂರು ಸಲ ಬೇಕಂದ್ರ ನಾ ಈಗ ನಡದೆ.”

ಅವನು ಹೋದರೆ ಹಿಡಿಯುವವರು ಇರಲಿಲ್ಲ. ಹೋಗಲಿ ಅಂತ ಒಬ್ಬಳೇ ತುದಿಗೆ ಕಲ್ಲು ಇಟ್ಟು ಅಳೆಯಬಹುದಿತ್ತು. ಆದರೆ ಕರೆದವಳು ನಾನು. ಅಪ್ಪನ ಹೆಸರು ಎತ್ತಿದ ಮೇಲೆ ನನ್ನ ಕೈಯೂ ಟೇಪಿನ ಮೇಲೆ ಓಡಲಿಲ್ಲ.

ಟೇಪು ಬದಿಗಿಟ್ಟೆ. ಮ್ಯೂಸಿಯಂನ ಲೇಬಲ್ ಕಟ್ಟುವ ನೂಲಿನ ದಾರ ಚೀಲದಲ್ಲಿತ್ತು, ಹಿಗ್ಗದ ಗಟ್ಟಿ ದಾರ. ತುದಿಗೆ ಗಂಟು ಹಾಕಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಹಾವಿನ ಮೂತಿಗೆ ಹಿಡಿದ. ನಾನು ಬೆನ್ನಿನ ನಡುಗೆರೆಯ ಮೇಲೆ, ಎಳೆಯದೆ, ಮೈ ಹೇಗೆ ಬಿದ್ದಿತ್ತೋ ಹಾಗೇ ದಾರ ಹಾಸುತ್ತ ಬಾಲದ ತನಕ ಹೋದೆ. ಅಲ್ಲಿ ಇನ್ನೊಂದು ಗಂಟು. ಹಾವಿನ ಅಳತೆ ಒಂದೇ ಸಲ. ದಾರದ ಅಳತೆ ಎಷ್ಟು ಸಲ ಬೇಕಾದರೂ. ದೊಡ್ಡಪ್ಪ ಮೂತಿಯಿಂದ ಕೈ ತೆಗೆದು, ದಾರದ ತುದಿಯನ್ನು ನನ್ನ ಕೈಗೆ ಕೊಟ್ಟ, ಕೋಲು ಕೊಡುವಾಗ ಕೊಡುವ ರೀತಿಯಲ್ಲೇ.

ದಾರ ಹನ್ನೊಂದು ಅಡಿ ನಾಲ್ಕು ಅಂಗುಲ ಬಂತು, ಮೂರು ಸಲವೂ. ಮಧ್ಯಾಹ್ನ ವೈದ್ಯರು ಬಂದು, ಗಾರ್ಡಿನ ಎದುರಿಗೆ ಪರೀಕ್ಷೆ ಮಾಡಿ ಚರ್ಮ ಬಿಡಿಸಿಕೊಟ್ಟರು. ಆ ಹೊತ್ತಿಗೆ ದೊಡ್ಡಪ್ಪ ಹೊರಗೆ ಹೋಗಿ ಬೆನ್ನು ಮಾಡಿ ಕೂತಿದ್ದ. ಚರ್ಮವನ್ನು ಸುಮ್ಮನೆ ಹಾಸಿದಾಗಲೇ ಮೈಗಿಂತ ಉದ್ದವಿತ್ತು. ಹಲಗೆಗೆ ಹಾಕಿ, ಸಾಮಾನ್ಯವಾಗಿ ಎಳೆಯುವಷ್ಟು ಎಳೆದು ಮೊಳೆ ಹೊಡೆದಾಗ ಹದಿಮೂರೂವರೆ ದಾಟಿತು. ಹುರುಪೆಗಳು ನನ್ನ ಕಣ್ಣೆದುರೇ ಬಿಡಿಬಿಡಿಯಾದವು, ಗಾಜಿನ ಪೆಟ್ಟಿಗೆಯೊಳಗಿನ ಚರ್ಮದಂತೆ. ಎಳೆಯುವ ಮುಂಚೆ, ಎಳೆದ ಮೇಲೆ, ಹುರುಪೆಗಳ ನಡುವಿನ ಅಂತರವನ್ನು ಕತ್ತಿನ ಹತ್ತಿರ, ನಡುವಿನಲ್ಲಿ, ಬಾಲದ ಹತ್ತಿರ ಅಳೆದು ಬರೆದುಕೊಂಡೆ. ಕೆಲಸ ಮುಗಿದ ಮೇಲೆ ಚರ್ಮವನ್ನೂ ಮೈಯನ್ನೂ ಗಾರ್ಡ್ ಒಯ್ದು ಇಲಾಖೆಯ ನಿಯಮದಂತೆ ಸುಟ್ಟ. ದೊಡ್ಡಪ್ಪ ಅಲ್ಲಿಯ ತನಕ ಹೋಗಿ ಬೆಂಕಿಗೆ ಒಂದು ಹಿಡಿ ಜೋಳ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆದ.

ಮರುದಿನ ಮ್ಯೂಸಿಯಂನ ಪೆಟ್ಟಿಗೆ ತೆಗೆಸಿ ಹಳೆಯ ಚರ್ಮದ ಹುರುಪೆಗಳ ಅಂತರ ಅಳೆದೆ. ಅದು ನಾನು ಎಳೆದದ್ದಕ್ಕಿಂತ ಹೆಚ್ಚು ಎಳೆದ ಚರ್ಮ. ಲೆಕ್ಕ ಹಾಕಿದರೆ ಆ ಹಾವು ಬದುಕಿದ್ದಾಗ ಹದಿನಾರು ಅಡಿಯ ಒಳಗೇ ಇದ್ದಿರಬೇಕು. ಒಂದೇ ಹಾವಿನಿಂದ ಕಲಿತ ಲೆಕ್ಕ, ಪಕ್ಕಾ ಅಂತ ಹೇಳಲು ಬರುವುದಿಲ್ಲ. ಹಾಗೇ ಬರೆದೆ. ಹದಿನಾರು ಅಡಿಯ ಒಳಗಿದ್ದರೂ ದೊಡ್ಡ ಹೆಬ್ಬಾವೇ. ಜಗತ್ತಿನ ಪಟ್ಟಿಯಲ್ಲಿ ಮಾತ್ರ ಅದರ ಜಾಗ ಕೆಳಗಿಳಿಯಿತು.

ಗೈಡ್ ಓದಿದರು. ಬಹಳ ಹೊತ್ತು ಓದಿದರು.

“ಹಾವಿನ ಮೈಗೆ ಒಂದ ರೀಡಿಂಗ್ ಐತಿ.”

“ಹೌದ್ರಿ ಸರ್. ದಾರಕ್ಕ ಮೂರದಾವು.”

“ಮೂರು ಅಂತ ಬರಿ. ಯಾರ್ ಕೇಳ್ತಾರ? ಒಂದ ಅಂತ ಬರದ್ರ ಎಕ್ಸಾಮಿನರ್ ಅಲ್ಲೇ ಹಿಡೀತಾರ. ಇಷ್ಟು ಕಷ್ಟಪಟ್ಟದ್ದೆಲ್ಲಾ ನೀರಾಗ ಹೋಗತೈತಿ.”

“ಅಳದದ್ದ ಒಂದ ಸಲ್ರಿ ಸರ್. ಆ ಚರ್ಮ ಸುಳ್ಳು ಹೇಳತೈತಿ ಅಂತ ಬರದು, ನಾ ಹೆಂಗ ಮೂರು ಅಂತ ಬರೀಲಿ?”

ಅವರು ಕನ್ನಡಕ ತೆಗೆದು ಗೋಡೆಯ ಕಡೆ ನೋಡಿದರು. “ಆ ಚರ್ಮ ತೋರಿಸೇ ನಮ್ಮ ಗುರುಗಳು ನನ್ನ ಈ ವಿಷಯಕ್ಕ ಎಳದಿದ್ದು” ಅಂದರು. ಆಮೇಲೆ ಸಹಿ ಮಾಡಿದರು. ಸಿಟ್ಟಿನಿಂದ ಮಾಡಿದರೋ ಏನೋ, ಪೆನ್ನು ಕಾಗದ ಹರಿಯುವಷ್ಟು ಒತ್ತಿತ್ತು.

ವೈವಾದಲ್ಲಿ ಎಕ್ಸಾಮಿನರ್ ಅದನ್ನೇ ಹಿಡಿದರು. ಒಂದೇ ರೀಡಿಂಗ್ ಯಾಕೆ? ಇದ್ದದ್ದು ಇದ್ದಂತೆ ಹೇಳಿದೆ: ಹಿಡಿಯಲು ಯಾರೂ ಬರಲಿಲ್ಲ, ಬಂದವನು ಒಂದೇ ಸಲ ಅಂದ, ನಾನು ಒಪ್ಪಿದೆ. ಪಕ್ಕದಲ್ಲಿ ಕೂತವರು ಯಾರೋ ಸಣ್ಣಗೆ ನಕ್ಕರು. ಎಕ್ಸಾಮಿನರ್ ನಗಲಿಲ್ಲ. “ದಾರ ಐತೇನು?” ಅಂದರು. ಚೀಲದಿಂದ ತೆಗೆದು ಕೊಟ್ಟೆ. ಅವರೇ ಎದ್ದು, ಮೇಜಿನ ಉದ್ದಕ್ಕೂ ಹಾಸಿ, ತಮ್ಮ ಟೇಪಿನಿಂದ ಅಳೆದರು. ನನ್ನ ಲೆಕ್ಕಕ್ಕೆ ಕೂಡಿತು. “ಇದು ವಿಧಾನದ ದೋಷ. ಅಂಕ ಕಡಿಮಿ ಮಾಡ್ತೀನಿ,” ಅಂದರು. “ಆದರ ಬರದದ್ದನ್ನ ನಂಬಬಹುದು.” ದಾರವನ್ನು ಸುತ್ತಿ ವಾಪಸು ಕೊಟ್ಟರು.

ಪಾಸಾದೆ. ರ್‍ಯಾಂಕ್ ಗೀಂಕ್ ಏನಿಲ್ಲ, ಪಾಸು. ಆವತ್ತು ಸಂಜೆ ಕಾರಿಡಾರಿನ ಖಾಲಿ ಜಾಗದಲ್ಲಿ ನಮ್ಮ ಹೆಬ್ಬಾವಿನ ಹಗ್ಗ ಹಾಸಿದೆ, ಅನಕೊಂಡದ ಪಕ್ಕದಲ್ಲಿ, ಅದಕ್ಕಿಂತ ಚಿಕ್ಕದು. ಹಿತ್ತಾಳೆ ಫಲಕದ ತಿರುಪು ಬಿಚ್ಚಿದ್ದು ನಾನಲ್ಲ. ಬೆಳಗ್ಗೆ ಧೂಳು ಒರೆಸಲು ಹೋದಾಗ ಅದು ಅಲ್ಲಿರಲಿಲ್ಲ. ಗೋಡೆಯ ಮೇಲೆ ನಾಲ್ಕು ತೂತು ಇದ್ದವು, ಅಷ್ಟೆ.

ಕಾಲೇಜಿನ ಆಫೀಸಿನಲ್ಲಿ ಪ್ರಮಾಣಪತ್ರ ಕೈಗೆ ಕೊಟ್ಟ ದಿನ ಅಲ್ಲಿಂದಲೇ ಬಬಲೇಶ್ವರದ ಬಸ್ಸು ಹತ್ತಿದೆ. ದೊಡ್ಡಪ್ಪ ಹಟ್ಟಿಯ ಮುಂದೆ ಕುರಿಮರಿಯೊಂದರ ಕಾಲಿಗೆ ಬಟ್ಟೆ ಸುತ್ತುತ್ತಿದ್ದ. ಕೈ ಒರೆಸಿಕೊಂಡು ಪ್ರಮಾಣಪತ್ರ ತೆಗೆದುಕೊಂಡ. ಓದು ಬರದವನು, ಆದರೂ ಮೇಲಿಂದ ಕೆಳಗಿನ ತನಕ ನೋಡಿದ.

“ನಿನ್ನ ಹೆಸರು ಎಲ್ಲೈತಿ?”

ಬೆರಳಿಟ್ಟು ತೋರಿಸಿದೆ. ಪಕ್ಕದಲ್ಲಿ ಅಪ್ಪನ ಹೆಸರು. ಅದನ್ನೂ ತೋರಿಸಿದೆ. ಅದರ ಮೇಲೆ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

“ಹಾವಿಂದು?”

“ಇಲ್ಲ ದೊಡ್ಡಪ್ಪ. ಹಾವಿನ ಹೆಸರು ಹಾಕೂದಿಲ್ಲ ಇದರಾಗ.”

ಕಾಗದವನ್ನು ನನ್ನ ಕೈಗೆ ಕೊಟ್ಟು, ಕುರಿಮರಿಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ.

“ಹಂಗಾರ ಅದನ್ನ ನೀನ ನೆನಪಿಟ್ಕೋಬೇಕಾತು ನೋಡ ಯವ್ವಾ.”